ಅತ್ತೆಯವರ ಕಣ್ಣಿನೊಳಗೆ ರಕ್ತ ತುಂಬಿದೆ, ವಿಟ್ರೆಕ್ಟಮಿ ಆಗಬೇಕಂತೆ: ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಪ್ರಶ್ನೆ: ಗಾಳಿಬೀಡಿನ ಸೊಸೆ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಅತ್ತೆಗೆ ಅರವತ್ತಮೂರು ವರ್ಷ. ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ ದಾಟಿದೆ. ಕಳೆದ ತಿಂಗಳು ಬೆಳಿಗ್ಗೆ ಎದ್ದವರು ಬಲಗಣ್ಣಿನ ಮುಂದೆ ಕಪ್ಪು ನೂಲುಗಳು ತೇಲುತ್ತಿವೆ ಎಂದರು. ಸಂಜೆಯ ಹೊತ್ತಿಗೆ ಎಲ್ಲವೂ ಕೆಂಪು ಮಬ್ಬಾಯಿತು. ಮಾರನೆಯ ದಿನ ಕಿಟಕಿಯ ಬೆಳಕು ಎಲ್ಲಿದೆ ಎನ್ನುವುದು ಬಿಟ್ಟರೆ ಆ ಕಣ್ಣಿಗೆ ಬೇರೇನೂ ತಿಳಿಯುತ್ತಿರಲಿಲ್ಲ. ನೋವಿಲ್ಲ, ನೀರು ಸೋರುವುದಿಲ್ಲ, ಹೊರಗಿನಿಂದ ನೋಡಿದರೆ ಕಣ್ಣು ಬಿಳುಪಾಗಿ ಚೆನ್ನಾಗಿಯೇ ಇದೆ. ಹಾಗಾಗಿ ಪೊರೆ ಬಂದಿರಬೇಕು ಎಂದುಕೊಂಡೆವು.

ಮೈದುನ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪಾಪೆ ಹಿಗ್ಗಿಸಿ ನೋಡಿದ ವೈದ್ಯರಿಗೆ ಒಳಗೆ ಏನೂ ಕಾಣಿಸಲಿಲ್ಲ. ರೆಪ್ಪೆ ಮುಚ್ಚಿಸಿ, ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಕಣ್ಣುಗುಡ್ಡೆಯೊಳಗಿನ ಲೋಳೆಯಾದ ವಿಟ್ರಿಯಸ್‌ನಲ್ಲಿ ರಕ್ತ ತುಂಬಿದೆ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾವನ್ನು ಒಂದು ಪದರ ಎಳೆಯುತ್ತಿದೆ, ಆ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಮಾಡಬೇಕು ಎಂದರು. ಕೊನೆಯಲ್ಲಿ ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಗ್ಯಾಸ್ ಅಥವಾ ಎಣ್ಣೆ ತುಂಬಬೇಕಾಗಬಹುದು, ಗ್ಯಾಸ್ ಆದರೆ ಕರಗುವವರೆಗೆ ಘಟ್ಟ ಹತ್ತುವಂತಿಲ್ಲ ಎಂದೂ ಹೇಳಿದರು. ಅಲ್ಲಿಗೆ ನಮ್ಮ ತಲೆ ಕೆಟ್ಟಿತು. ಮನೆ ಇರುವುದೇ ಘಟ್ಟದ ಮೇಲೆ!

ದೊಡ್ಡಮಾವ ಬೇರೆ, ಕಣ್ಣಿನ ನೀರು ತೆಗೆದರೆ ಗುಡ್ಡೆ ಸೊರಗಿ ಒಳಗೆ ಹೋಗುತ್ತದೆ, ರಕ್ತ ತಾನಾಗಿ ಇಂಗುತ್ತದೆ, ಸುಮ್ಮನಿರಿ ಎನ್ನುತ್ತಿದ್ದಾರೆ. ಅತ್ತೆ ಅವರ ಮಾತನ್ನು ನಂಬುತ್ತಾರೆ. ನಿಜಕ್ಕೂ ಒಳಗೆ ಏನು ಮಾಡುತ್ತಾರೆ? ದೃಷ್ಟಿ ಬರುತ್ತದೆಯೇ? ಮಾಡಿಸಿಕೊಂಡವರೇ ಹೇಳಿದರೆ ಅವರಿಗೆ ಓದಿ ಹೇಳುತ್ತೇನೆ.

ಉತ್ತರ: ನಿವೃತ್ತ ವಿಜ್ಞಾನದ ಮೇಷ್ಟ್ರು, ಸಕಲೇಶಪುರ

ತಾಯಿ, ಮೊದಲು ದೊಡ್ಡಮಾವನವರ ಮಾತನ್ನೇ ತೆಗೆದುಕೊಳ್ಳೋಣ. ಅದು ಇತ್ಯರ್ಥವಾಗದೆ ನಿಮ್ಮ ಅತ್ತೆ ಬಸ್ಸು ಹತ್ತುವುದಿಲ್ಲ. ಅವರು ಹೇಳುತ್ತಿರುವುದು ಹಳೆಯ ಕಾಲದ ಕಣ್ಣಿನ ವೈದ್ಯರೇ ನಂಬಿದ್ದ ಮಾತು. ವಿಟ್ರಿಯಸ್ ಮುಟ್ಟಿದರೆ ಕಣ್ಣು ಹೋಯಿತು ಎಂದೇ ಅವರು ಹೆದರುತ್ತಿದ್ದರು. ಪೊರೆ ತೆಗೆಯುವಾಗ ಆ ಲೋಳೆ ಸ್ವಲ್ಪ ಹೊರಗೆ ಜಾರಿದರೂ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಲೆಕ್ಕ. 1960ರ ದಶಕದಲ್ಲಿ ಅಮೆರಿಕದ ಮಯಾಮಿಯಲ್ಲಿ ಡೇವಿಡ್ ಕ್ಯಾಸ್ನರ್ ಎಂಬ ವೈದ್ಯರು ಕಣ್ಣನ್ನು ಮುಂದಿನಿಂದ ತೆರೆದು, ಸ್ಪಂಜು ಮತ್ತು ಕತ್ತರಿಯಿಂದ ಆ ಲೋಳೆಯನ್ನು ತೆಗೆದರೂ ಕಣ್ಣು ತಡೆದುಕೊಳ್ಳುತ್ತದೆ ಎಂದು ತೋರಿಸಿದರು. ಅದೇ ಊರಿನಲ್ಲಿದ್ದ, ಜರ್ಮನಿಯಿಂದ ಬಂದಿದ್ದ ರಾಬರ್ಟ್ ಮ್ಯಾಕಮರ್ ಇನ್ನೂ ಮುಂದೆ ಹೋದರು. ಕಣ್ಣನ್ನು ತೆರೆಯದೆ, ಪಕ್ಕದಿಂದ ಸಣ್ಣ ಕೊಳವೆ ತೂರಿಸಿ, ಒಳಗೇ ಕತ್ತರಿಸಿ ಹೀರಿಕೊಳ್ಳುವ ಉಪಕರಣ ಮಾಡಿದರು. ಅದನ್ನು ಮೊದಲು ಪರೀಕ್ಷಿಸಿದ್ದು ಕೋಳಿಮೊಟ್ಟೆಯ ಬಿಳಿ ಲೋಳೆಯ ಮೇಲೆ, ಮನೆಯ ಗ್ಯಾರೇಜಿನಲ್ಲಿ. ನಾನು ಮೂವತ್ತು ವರ್ಷ ಪ್ರಯೋಗಶಾಲೆಯ ಬೀಗದ ಕೈ ಇಟ್ಟುಕೊಂಡಿದ್ದವನು, ಇಂಥ ವಿಷಯ ಓದಿದರೆ ಖುಷಿಯಾಗುತ್ತದೆ. 1970ರ ಏಪ್ರಿಲ್ 20ರಂದು ಅವರು ಮೊದಲ ರೋಗಿಗೆ ಈ ಚಿಕಿತ್ಸೆ ಮಾಡಿದರು. ಆ ರೋಗಿಗೂ ನಿಮ್ಮ ಅತ್ತೆಯವರಂತೆ ಸಕ್ಕರೆ ಕಾಯಿಲೆಯಿಂದಲೇ ಕಣ್ಣಿನಲ್ಲಿ ರಕ್ತ ತುಂಬಿತ್ತು. ಆ ರಕ್ತ ವರ್ಷಗಟ್ಟಲೆ ಇಂಗಿರಲಿಲ್ಲ. ದೊಡ್ಡಮಾವನವರಿಗೆ ಇದನ್ನು ಓದಿ ಹೇಳಿ.

ಇನ್ನು ಕಣ್ಣು ಸೊರಗುವ ಮಾತು. ಕಣ್ಣುಗುಡ್ಡೆಯ ಐದರಲ್ಲಿ ನಾಲ್ಕು ಪಾಲು ಜಾಗ ಈ ವಿಟ್ರಿಯಸ್‌ನದು. ಆದರೂ ಅದೆಲ್ಲ ಸೇರಿ ಸುಮಾರು ನಾಲ್ಕು ಮಿಲಿಲೀಟರ್, ಅಂದರೆ ಒಂದು ಚಮಚಕ್ಕೂ ಕಡಿಮೆ. ಅದರಲ್ಲಿ ಶೇಕಡ 98ಕ್ಕೂ ಹೆಚ್ಚು ನೀರು. ಉಳಿದದ್ದು ಕೊಲಾಜೆನ್ ಎಂಬ ಸೂಕ್ಷ್ಮ ಎಳೆಗಳು ಮತ್ತು ಹಯಲುರಾನಿಕ್ ಆಮ್ಲ. ತೆಗೆದ ಮೇಲೆ ಅದು ಮತ್ತೆ ಬೆಳೆಯುವುದಿಲ್ಲ, ನಿಜ. ಆದರೆ ಒಂದು ಕಡೆಯಿಂದ ಲೋಳೆ ಹೊರಗೆ ಹೋಗುತ್ತಿರುವಾಗಲೇ ಇನ್ನೊಂದು ಕಡೆಯಿಂದ ಲವಣದ ದ್ರಾವಣ ಒಳಗೆ ಬರುತ್ತಿರುತ್ತದೆ. ಹಾಗಾಗಿ ಗುಡ್ಡೆ ಕುಗ್ಗುವುದಿಲ್ಲ. ಆಮೇಲೆ ಕಣ್ಣು ತಾನೇ ಉತ್ಪತ್ತಿ ಮಾಡುವ ನೀರು ಆ ಜಾಗವನ್ನು ತುಂಬಿಕೊಳ್ಳುತ್ತದೆ.

ತೂತು ಮೂರು. ಕರಿಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಹಿಂದೆ, ಬಿಳಿಭಾಗದಲ್ಲಿ ಹಾಕುತ್ತಾರೆ. ಅಲ್ಲಿಂದ ಒಳಹೊಕ್ಕರೆ ಮುಂದಿರುವ ಮಸೂರಕ್ಕೂ ಹಿಂದಿರುವ ರೆಟಿನಾಕ್ಕೂ ಪೆಟ್ಟಾಗುವುದಿಲ್ಲ. ಒಂದರಲ್ಲಿ ದ್ರಾವಣದ ಕೊಳವೆ, ಒಂದರಲ್ಲಿ ದೀಪ, ಒಂದರಲ್ಲಿ ಕಟ್ಟರ್. ಮ್ಯಾಕಮರ್ ಅವರ ಕಾಲದ ಉಪಕರಣಕ್ಕೆ ಎರಡು ಮಿಲಿಮೀಟರಿಗೂ ದೊಡ್ಡ ಗಾಯ ಬೇಕಾಗುತ್ತಿತ್ತು. ಈಗ ಅರ್ಧ ಮಿಲಿಮೀಟರ್ ಸಾಕು, ಎಷ್ಟೋ ಸಲ ಹೊಲಿಗೆಯೂ ಬೇಡ. ಕಟ್ಟರ್ ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುತ್ತದೆ. ಎಳೆಗಳನ್ನು ಜಗ್ಗದೆ ಕತ್ತರಿಸಬೇಕಲ್ಲ, ಜಗ್ಗಿದರೆ ರೆಟಿನಾ ಹರಿಯುತ್ತದೆ.

ನನ್ನದು ಎಡಗಣ್ಣು. ಕಾರಣವೂ ಅದೇ ಸಕ್ಕರೆ. ಮೈಮರೆಸುವ ಮದ್ದು ಕೊಡಲಿಲ್ಲ, ಕಣ್ಣಿನ ಪಕ್ಕದಲ್ಲಿ ಒಂದು ಚುಚ್ಚುಮದ್ದು, ಅಷ್ಟೆ. ಆ ಚುಚ್ಚುಮದ್ದು ಹಿತವಾಗಿರುತ್ತದೆ ಎಂದು ಸುಳ್ಳು ಹೇಳಲಾರೆ, ಆದರೆ ಕ್ಷಣದ ಮಾತು. ಆಮೇಲೆ ನೋವಿಲ್ಲ. ಮುಖದ ಮೇಲೆ ಹಸಿರು ಬಟ್ಟೆ, ಅದರೊಳಗೆ ಬೀಸುವ ತಣ್ಣನೆಯ ಗಾಳಿ. ಕಣ್ಣಿನೊಳಗೆ ದೀಪ ಓಡಾಡುವುದು ಕಂಡಿತು. ಆಮೇಲೆ ಮಬ್ಬು ತೆಳುವಾಗುತ್ತಾ ಹೋಗಿ, ಉಪಕರಣದ ನೆರಳೇ ನನಗೆ ಕಾಣತೊಡಗಿತು. ನನ್ನ ಕಣ್ಣಿನ ಒಳಗೆ ಇರುವ ವಸ್ತುವನ್ನು ನಾನೇ ನೋಡುತ್ತಿದ್ದೇನೆ! ಬಾಯಿಬಿಟ್ಟು ಏನೋ ಕೇಳಹೊರಟೆ. ಮಾತನಾಡಿದರೆ ತಲೆ ಅಲುಗುತ್ತದೆ, ಆಮೇಲೆ ಕೇಳಿ ಎಂದು ವೈದ್ಯರು ಗದರಿದರು. ನಾನು ಹುಡುಗರಿಗೆ ಗದರುತ್ತಿದ್ದ ಧಾಟಿಯೇ. ನಿಮ್ಮ ಅತ್ತೆಗೆ ಕೆಮ್ಮು ಇದ್ದರೆ ಮೊದಲೇ ಹೇಳಿಬಿಡಿ.

ದೃಷ್ಟಿ ಎಷ್ಟು ಬರುತ್ತದೆ? ಇದನ್ನು ಯಾರೂ ನಿಮಗೆ ಬಿಡಿಸಿ ಹೇಳಿರಲಾರರು. ರಕ್ತ ತೆಗೆಯುವುದು ಒಂದು ಕೆಲಸ. ರಕ್ತದ ಹಿಂದೆ ಇರುವ ರೆಟಿನಾ ಯಾವ ಸ್ಥಿತಿಯಲ್ಲಿದೆ ಎನ್ನುವುದು ಬೇರೆಯೇ ಮಾತು. ರೆಟಿನಾದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅದರದೇ ಕೆಲಸ. ಅದು ಅಂಟಿಕೊಂಡೇ ಇದ್ದು, ರಕ್ತ ಸಂಚಾರ ಚೆನ್ನಾಗಿದ್ದರೆ ರಕ್ತ ತೆಗೆದ ಮೇಲೆ ಕಣ್ಣು ಆಶ್ಚರ್ಯಪಡುವಷ್ಟು ತಿಳಿಯಾಗಬಹುದು. ಸಕ್ಕರೆಯಿಂದ ಅದು ಮೊದಲೇ ಸೊರಗಿದ್ದರೆ, ಅಥವಾ ಪದರದ ಎಳೆತಕ್ಕೆ ಬಹಳ ಕಾಲ ಎದ್ದು ನಿಂತಿದ್ದರೆ, ಎಷ್ಟು ಶುಚಿಮಾಡಿದರೂ ಸಿಗುವುದು ಅಷ್ಟೇ. ಇದನ್ನು ಮೊದಲೇ ಪೂರ್ತಿ ತಿಳಿಯಲು ರಕ್ತವೇ ಅಡ್ಡ. ಅದಕ್ಕೇ ಒಳ್ಳೆಯ ವೈದ್ಯರು ಇಷ್ಟೇ ಬರುತ್ತದೆ ಎಂದು ಮಾತು ಕೊಡುವುದಿಲ್ಲ. ಮಾತು ಕೊಡುವವರನ್ನು ನಾನಾದರೆ ಎರಡನೆಯ ಸಲ ನೋಡಲು ಹೋಗುವುದಿಲ್ಲ. ನನ್ನ ಎಡಗಣ್ಣು ಈಗ ಪತ್ರಿಕೆಯ ತಲೆಬರಹ ಓದುತ್ತದೆ, ಸಣ್ಣಕ್ಷರ ಓದುವುದಿಲ್ಲ. ಗೆರೆ ಪುಸ್ತಕದ ಗೆರೆ ನಡುವೆ ಸ್ವಲ್ಪ ಬಾಗುತ್ತದೆ. ಮೆಟ್ಟಿಲು ಇಳಿಯಲು, ಪಕ್ಕದಿಂದ ಬರುವ ಬೈಕ್ ಕಾಣಲು ಧಾರಾಳ ಸಾಕು. ಮೊದಲು ಅಷ್ಟೂ ಇರಲಿಲ್ಲ.

ಈಗ ಘಟ್ಟದ ಮಾತು. ಇದು ಬಾಯ್ಲನ ನಿಯಮ, ಪ್ರೌಢಶಾಲೆಯ ಪಾಠ. ಹೊರಗಿನ ಒತ್ತಡ ಕಡಿಮೆಯಾದರೆ ಅನಿಲ ಹಿಗ್ಗುತ್ತದೆ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಏರಿದರೆ ಗಾಳಿಯ ಒತ್ತಡ ಶೇಕಡ 11ರಷ್ಟು ಇಳಿಯುತ್ತದೆ. ಮಡಿಕೇರಿ ಅದಕ್ಕಿಂತ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗ್ಯಾಸ್ ತುಂಬಿಸಿಕೊಂಡು ಸಂಪಾಜೆ ದಾಟಿ ಮೇಲೆ ಹತ್ತಿದರೆ, ಹಿಗ್ಗಲು ಜಾಗವೇ ಇಲ್ಲದ ಗುಡ್ಡೆಯೊಳಗೆ ಆ ಗುಳ್ಳೆ ಹಿಗ್ಗಲು ನೋಡುತ್ತದೆ. ಕಣ್ಣಿನ ಒತ್ತಡ ಒಮ್ಮೆಲೆ ಏರಿ, ರೆಟಿನಾಕ್ಕೆ ರಕ್ತ ಹೋಗುವುದೇ ನಿಲ್ಲಬಹುದು. ಉಳಿದ ದೃಷ್ಟಿಯೂ ಹೋಗುವ ಅಪಾಯ ಅದು. ವಿಮಾನ ಬೇಡ ಎಂದು ಎಲ್ಲರೂ ಹೇಳುತ್ತಾರೆ, ಘಟ್ಟದ ವಿಷಯವನ್ನು ಬಯಲುಸೀಮೆಯ ವೈದ್ಯರು ಮರೆಯುವುದುಂಟು. ನಿಮ್ಮ ವೈದ್ಯರು ನೆನಪಿಟ್ಟು ಹೇಳಿದ್ದಾರೆ, ಅವರ ಮೇಲೆ ನನಗೆ ಗೌರವ ಬಂತು.

ನನಗೂ ಗ್ಯಾಸ್ ಹಾಕಿದ್ದರು. ಸಕಲೇಶಪುರ ಒಂಬೈನೂರು ಮೀಟರ್ ಮೇಲಿದೆ, ಶಿರಾಡಿ ಹತ್ತುವಂತಿಲ್ಲ. ಪುತ್ತೂರಿನ ತಂಗಿಯ ಮನೆಯಲ್ಲಿ ಗ್ಯಾಸ್ ಕರಗುವವರೆಗೆ ಬಿದ್ದುಕೊಂಡಿದ್ದೆ. ಎಸ್‌ಎಫ್6 ಎಂಬ ಗ್ಯಾಸ್ ಎರಡು ವಾರದ ಆಸುಪಾಸಿನಲ್ಲಿ ಕರಗುತ್ತದೆ, ಸಿ3ಎಫ್8 ಆದರೆ ಆರರಿಂದ ಎಂಟು ವಾರ. ಬರೀ ಗಾಳಿಯಾದರೆ ಒಂದು ವಾರದೊಳಗೆ ಮುಗಿಯಿತು. ಯಾವುದನ್ನು ಹಾಕಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಅದು ಕರಗುವುದು ನಮಗೇ ಕಾಣುತ್ತದೆ. ಮೊದಲು ಎಲ್ಲ ಮಬ್ಬು. ಆಮೇಲೆ ನೋಟದ ಮೇಲ್ಭಾಗದಲ್ಲಿ ತಿಳಿಯಾದ ಪಟ್ಟಿ, ಅದರ ಕೆಳಗೆ ಗಾರೆಯವನ ಮಟ್ಟಗೋಲಿನ ಗುಳ್ಳೆಯಂತೆ ತಲೆ ವಾಲಿದ ಕಡೆಗೆ ತೊನೆಯುವ ಗೆರೆ. ಆ ಗೆರೆ ದಿನದಿನಕ್ಕೂ ಕೆಳಗಿಳಿಯುತ್ತದೆ. ಕೊನೆಗೆ ಗುಳ್ಳೆ ಪುಟ್ಟದಾಗಿ ದುಂಡಗಾಗಿ ಇಲ್ಲವಾಗುತ್ತದೆ. ನಿಜವಾಗಿ ಗುಳ್ಳೆ ಇರುವುದು ಮೇಲೆ. ಕಣ್ಣು ಚಿತ್ರವನ್ನು ತಲೆಕೆಳಗಾಗಿ ಹಿಡಿಯುವುದರಿಂದ ನಮಗೆ ಕೆಳಗೆ ಕಾಣುತ್ತದೆ. ಹೋಯಿತೆಂದು ನಿಮಗೆ ಅನ್ನಿಸಿದರೂ ವೈದ್ಯರು ನೋಡಿ ಹೂಂ ಎನ್ನುವವರೆಗೆ ಮೇಲೆ ಹತ್ತಬೇಡಿ.

ಒಂದು ಸಮಾಧಾನ: ಎಲ್ಲರಿಗೂ ಗ್ಯಾಸ್ ಬೇಕಾಗುವುದಿಲ್ಲ. ಬರೀ ರಕ್ತ ಇದ್ದು ರೆಟಿನಾ ಹರಿಯದಿದ್ದರೆ ದ್ರಾವಣವನ್ನೇ ಬಿಟ್ಟು ಮುಗಿಸಬಹುದು.

ಉತ್ತರ: ಕಣ್ಣಾಸ್ಪತ್ರೆಯ ಆಪ್ಟೊಮೆಟ್ರಿಸ್ಟ್, ಹುಬ್ಬಳ್ಳಿ

ಮೇಷ್ಟ್ರು ಹೇಳಿದ್ದಕ್ಕೆ ಕೆಲವು ಸೇರಿಸುತ್ತೇನೆ. ನಾನು ವೈದ್ಯೆಯಲ್ಲ, ರೆಟಿನಾ ವಿಭಾಗದಲ್ಲಿ ರೋಗಿಗಳನ್ನು ಪರೀಕ್ಷೆಗೆ ಸಿದ್ಧಪಡಿಸುವವಳು.

ರಕ್ತ ತಾನಾಗಿ ಇಂಗುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಎಳೆತವಿಲ್ಲದ, ರೆಟಿನಾ ಅಂಟಿಕೊಂಡೇ ಇರುವ ಕಣ್ಣಿನಲ್ಲಿ ಕೆಲವು ವಾರ ಕಾಯುವುದುಂಟು. ಅಮೆರಿಕ ಮತ್ತು ಕೆನಡಾದಲ್ಲಿ 205 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯಿಂದ ರಕ್ತ ತುಂಬಿದ ಕಣ್ಣುಗಳಿಗೆ ಕೆಲವರಿಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಅಫ್ಲಿಬರ್ಸೆಪ್ಟ್ ಚುಚ್ಚುಮದ್ದು, ಕೆಲವರಿಗೆ ನೇರವಾಗಿ ವಿಟ್ರೆಕ್ಟಮಿ ಮಾಡಿ ಹೋಲಿಸಿದರು. ಇಪ್ಪತ್ತನಾಲ್ಕು ವಾರಗಳ ಸರಾಸರಿ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಆದವರಿಗೆ ಬೇಗ ತಿಳಿಯಾಯಿತು, ಚುಚ್ಚುಮದ್ದು ಪಡೆದವರಲ್ಲೂ ಸುಮಾರು ಮೂರನೇ ಒಂದು ಭಾಗದವರಿಗೆ ಎರಡು ವರ್ಷಗಳೊಳಗೆ ವಿಟ್ರೆಕ್ಟಮಿ ಬೇಕಾಯಿತು. ಆದರೆ ನಿಮ್ಮ ಅತ್ತೆಯವರಿಗೆ ಪದರದ ಎಳೆತ ಇದೆ ಎಂದಿದ್ದೀರಿ. ಅಲ್ಲಿ ದೊಡ್ಡಮಾವನವರ ಸಲಹೆ ನಡೆಯುವುದಿಲ್ಲ. ಎಳೆತ ಮ್ಯಾಕ್ಯುಲಾದವರೆಗೆ ಬಂದಿದೆಯೇ ಎಂದು ಕೇಳಿ. ಬಂದಿದ್ದರೆ ತಡಮಾಡಬೇಡಿ.

ಇನ್ನೊಂದು ಮುಖ್ಯ ವಿಷಯ. ಇಂಥ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಗೆ ಕೆಲವೇ ದಿನ ಮೊದಲು ಬೆವಾಸಿಜುಮ್ಯಾಬ್‌ನಂಥ ಚುಚ್ಚುಮದ್ದನ್ನು ಕಣ್ಣಿನೊಳಗೆ ಕೊಡುವುದುಂಟು. ಹೊಸದಾಗಿ ಹುಟ್ಟಿದ ದುರ್ಬಲ ರಕ್ತನಾಳಗಳು ಅದರಿಂದ ಮುದುರಿಕೊಂಡು, ಪದರ ಬಿಡಿಸುವಾಗ ರಕ್ತ ಕಡಿಮೆ ಸೋರುತ್ತದೆ. ಆದರೆ ನಾಳಗಳು ಮುದುರುವಾಗ ಪದರ ಇನ್ನೂ ಬಿಗಿಯಾಗಿ ರೆಟಿನಾವನ್ನು ಎತ್ತಿಬಿಡುವ ಸಾಧ್ಯತೆ ಇದೆ. ಹಾಗಾಗಿ ಚುಚ್ಚುಮದ್ದು ಹಾಕಿಸಿಕೊಂಡ ಮೇಲೆ ಮನೆಯಲ್ಲಿ ಮದುವೆ ಇದೆ, ಕಾಫಿ ಕೊಯ್ಲು ಇದೆ ಎಂದು ದಿನಾಂಕ ಮುಂದೂಡಬಾರದು. ದಿನ ಗಟ್ಟಿಯಾದ ಮೇಲೆಯೇ ಚುಚ್ಚುಮದ್ದು ಹಾಕಿಸಿ. ಕೊನೆಯ ಗಳಿಗೆಯಲ್ಲಿ ದಿನಾಂಕ ಬದಲಾಗುವ ಸಾಮಾನ್ಯ ಕಾರಣ ರಕ್ತದೊತ್ತಡ, ಅತಿಯಾದ ಸಕ್ಕರೆ, ಇಲ್ಲವೇ ಮೂತ್ರಪಿಂಡದ ವರದಿ. ಅವನ್ನು ಈಗಲೇ ವೈದ್ಯರಿಗೆ ತೋರಿಸಿ. ಹೃದಯಕ್ಕೆ ಆಸ್ಪಿರಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಅಲ್ಲಿಯವರೆಗೆ ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿಸಿ, ರಕ್ತ ತಳಕ್ಕೆ ಇಳಿಯುತ್ತದೆ. ಎಡಗಣ್ಣನ್ನೂ ಪಾಪೆ ಹಿಗ್ಗಿಸಿ ತೋರಿಸಿದಿರಾ? ಈ ಕಾಯಿಲೆ ಒಂದೇ ಕಣ್ಣಿಗೆ ನಿಲ್ಲುವುದು ಅಪರೂಪ. ಅದಕ್ಕೆ ಲೇಸರ್ ಬೇಕಾಗಿದ್ದರೆ ಈಗಲೇ ಮಾಡಿಸಬಹುದು. ರಕ್ತ ತುಂಬಿದ ಕಣ್ಣಿಗಿಂತ ಒಳ್ಳೆಯ ಕಣ್ಣಿನ ಬಗ್ಗೆಯೇ ನನಗೆ ಹೆಚ್ಚು ಆತಂಕ.

ಗ್ಯಾಸ್ ಹಾಕಿದರೆ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಬಿಚ್ಚಬೇಡಿ. ಆ ಅವಧಿಯಲ್ಲಿ ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡಬೇಕಾಗಿ ಬಂದು, ಅದರಲ್ಲಿ ನೈಟ್ರಸ್ ಆಕ್ಸೈಡ್ ಇದ್ದರೆ ಗುಳ್ಳೆ ಉಬ್ಬುತ್ತದೆ.

ಉತ್ತರ: ಎಣ್ಣೆಗಣ್ಣ, ರಾಯಚೂರು

ಅಕ್ಕ, ನನಗೆ ಸಕ್ಕರೆ ಇಲ್ಲ, ವಯಸ್ಸು ಇಪ್ಪತ್ತಾರು. ಈಲ್ಸ್ ಕಾಯಿಲೆ ಎಂದರು. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಹೆನ್ರಿ ಈಲ್ಸ್ ಎಂಬ ವೈದ್ಯರು ವರ್ಣಿಸಿದ್ದಂತೆ. ಇಂಗ್ಲೆಂಡಿನಲ್ಲಿ ಈಗ ಕಾಣುವುದೇ ಅಪರೂಪ, ನಮ್ಮ ದೇಶದ ಹುಡುಗರಿಗೆ ಮಾತ್ರ ಬರುತ್ತಲೇ ಇರುತ್ತದೆ. ರೆಟಿನಾದ ಅಂಚಿನ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗಿ, ಹೊಸ ನಾಳಗಳು ಹುಟ್ಟಿ, ಅವು ಒಡೆದು ರಕ್ತ ತುಂಬುತ್ತದೆ. ಕ್ಷಯದ ರೋಗಾಣುವಿನ ಜೊತೆ ಏನೋ ನಂಟಿದೆ ಎಂದು ಎದೆಯ ಎಕ್ಸ್‌ರೇ, ಕೈಗೆ ಚುಚ್ಚಿ ನೋಡುವ ಪರೀಕ್ಷೆ ಎಲ್ಲ ಮಾಡಿಸಿದರು.

ನನ್ನ ರೆಟಿನಾ ಬಿಟ್ಟುಕೊಂಡಿತ್ತು, ಅದಕ್ಕೆ ಹೈದರಾಬಾದಿನಲ್ಲಿ ಸಿಲಿಕಾನ್ ಎಣ್ಣೆ ಹಾಕಿದರು. ಎಣ್ಣೆಯ ಬಗ್ಗೆ ಯಾರೂ ಬರೆದಿಲ್ಲವೆಂದು ಬರೆಯುತ್ತಿದ್ದೇನೆ. ಎಣ್ಣೆ ಹಿಗ್ಗುವುದಿಲ್ಲ, ವಿಮಾನ, ಘಟ್ಟ ಎರಡಕ್ಕೂ ತೊಂದರೆಯಿಲ್ಲ. ಮಡಿಕೇರಿಯವರಿಗೆ ಅದೇ ಅನುಕೂಲ ಅನ್ನಿಸಬಹುದು. ಆದರೆ ಗ್ಯಾಸಿನಂತೆ ತಾನಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ. ಹಾಗೇ ಬಿಟ್ಟರೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ಕಣ್ಣಿನ ಒತ್ತಡ ಏರಿಸುತ್ತದೆ. ಎಣ್ಣೆ ಇರುವಷ್ಟು ದಿನ ಆ ಕಣ್ಣಿನ ನಂಬರ್ ಬೇರೆಯೇ, ನನಗೆ ದಪ್ಪ ಪ್ಲಸ್ ಕನ್ನಡಕ ಬಂದಿತ್ತು, ಒಂದು ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಹೆಣ್ಣು ನೋಡಲು ಹೋಗುವುದನ್ನು ನಮ್ಮ ತಾಯಿ ಆ ಕನ್ನಡಕ ಇಳಿಯುವವರೆಗೆ ಮುಂದೂಡಿದರು. ಈಗ ಎಣ್ಣೆ ತೆಗೆದಾಗಿದೆ. ಬೈಕ್ ಓಡಿಸುತ್ತೇನೆ, ರಾತ್ರಿ ಹೊತ್ತು ಮಾತ್ರ ಇಲ್ಲ. ಹೆಣ್ಣು ಇನ್ನೂ ಸಿಕ್ಕಿಲ್ಲ, ಅದಕ್ಕೆ ಕಣ್ಣು ಕಾರಣವಲ್ಲ.

ಉತ್ತರ: ಬ್ಯಾಂಕ್ ಗುಮಾಸ್ತ, ಬೆಂಗಳೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೂ ಬಿಳಿ ಗೋಡೆ ನೋಡಿದರೆ ಕಣ್ಣ ಮುಂದೆ ಸೊಳ್ಳೆ ಹಾರುತ್ತವೆ. ಎರಡು ವರ್ಷದಿಂದ ಇದೆ. ನಾನೂ ಇದನ್ನು ಮಾಡಿಸಿಕೊಳ್ಳಬೇಕೆ?

ಉತ್ತರ: ನಿವೃತ್ತ ವಿಜ್ಞಾನದ ಮೇಷ್ಟ್ರು, ಸಕಲೇಶಪುರ

ಬೇಡ ಸ್ವಾಮಿ. ವಯಸ್ಸಾದಂತೆ ವಿಟ್ರಿಯಸ್ ನೀರಾಗಿ, ಎಳೆಗಳು ಮುದ್ದೆಗಟ್ಟಿ, ಅವುಗಳ ನೆರಳು ರೆಟಿನಾದ ಮೇಲೆ ಬೀಳುವುದನ್ನೇ ನೀವು ಸೊಳ್ಳೆ ಎನ್ನುತ್ತಿದ್ದೀರಿ. ಬಹಳ ಜನರಿಗೆ ಇರುತ್ತದೆ. ಅದಕ್ಕಾಗಿ ಕಣ್ಣಿಗೆ ಮೂರು ತೂತು ಹಾಕಿಸಿಕೊಳ್ಳುವುದು ಸಾಮಾನ್ಯವಾಗಿ ಲಾಭದ ವ್ಯಾಪಾರವಲ್ಲ. ಐವತ್ತು ದಾಟಿದವರಿಗೆ ವಿಟ್ರೆಕ್ಟಮಿ ಆದರೆ ಒಂದೆರಡು ವರ್ಷದೊಳಗೆ ಪೊರೆ ಬರುವುದು ಹೆಚ್ಚುಕಡಿಮೆ ಖಚಿತ, ನನಗೂ ಬಂದು ಅದನ್ನೂ ತೆಗೆಸಿಯಾಯಿತು. ಆದರೆ ಸೊಳ್ಳೆಗಳು ಒಮ್ಮೆಲೆ ಹಿಂಡಾಗಿ ಹೆಚ್ಚಿದರೆ, ಕಣ್ಣಂಚಿನಲ್ಲಿ ಮಿಂಚು ಹೊಡೆದರೆ, ಅಥವಾ ಪಕ್ಕದಿಂದ ಕಪ್ಪು ಪರದೆ ಸರಿದು ಬಂದರೆ ಅವತ್ತೇ ರೆಟಿನಾ ವೈದ್ಯರ ಬಳಿ ಹೋಗಿ. ರೆಟಿನಾ ಹರಿದಾಗಿನ ಲಕ್ಷಣಗಳು ಅವು. ಹರಿದದ್ದಷ್ಟೇ ಆಗಿದ್ದರೆ ಹೊರರೋಗಿಯಾಗಿಯೇ ಲೇಸರ್ ಹಾಕಿ ಕಳುಹಿಸಬಹುದು. ಬಿಟ್ಟುಕೊಂಡ ಮೇಲೆ ಹೋದರೆ ನಮ್ಮ ರಾಯಚೂರಿನ ಹುಡುಗನ ದಾರಿ.

ಮೂಲ ಪ್ರಶ್ನೆ ಕೇಳಿದವರು: ಗಾಳಿಬೀಡಿನ ಸೊಸೆ, ಮಡಿಕೇರಿ

ಎಲ್ಲರಿಗೂ ಧನ್ಯವಾದ. ಮೊಟ್ಟೆಯ ಲೋಳೆಯ ಕಥೆಯನ್ನು ಅತ್ತೆಗೂ ದೊಡ್ಡಮಾವನಿಗೂ ಒಟ್ಟಿಗೇ ಕೂರಿಸಿ ಓದಿದೆ. ದೊಡ್ಡಮಾವ ಏನೂ ಹೇಳದೆ ತೋಟದ ಕಡೆ ಹೊರಟರು. ಅದನ್ನು ಒಪ್ಪಿಗೆ ಎಂದು ಅತ್ತೆ ಹೇಳುತ್ತಾರೆ, ಅಣ್ಣ ತಂಗಿಯ ವ್ಯವಹಾರ, ನನಗೆ ತಿಳಿಯದು.

ಮತ್ತೆ ಮಂಗಳೂರಿಗೆ ಹೋಗಿ ಕೇಳಬೇಕಾದದ್ದನ್ನು ಬರೆದುಕೊಂಡೇ ಕೇಳಿದೆ. ಎಳೆತ ಮ್ಯಾಕ್ಯುಲಾದ ಪಕ್ಕದಲ್ಲಿದೆ, ಸ್ಕ್ಯಾನಿನಲ್ಲಿ ನೋಡಿದಂತೆ ಅದರ ಮೇಲೆ ಇನ್ನೂ ಬಂದಿಲ್ಲ, ಅದಕ್ಕೇ ಈಗ ಮಾಡುವುದು ಒಳ್ಳೆಯದು ಎಂದರು. ಒಳಗೆ ಹರಿದಿರುವುದು ಕಂಡರೆ ಗ್ಯಾಸ್, ಇಲ್ಲದಿದ್ದರೆ ದ್ರಾವಣ. ಎಣ್ಣೆ ಕೊನೆಯ ಆಯ್ಕೆ. ಎಡಗಣ್ಣಿನಲ್ಲೂ ಹೊಸ ನಾಳಗಳು ಶುರುವಾಗಿದ್ದವು. ಹುಬ್ಬಳ್ಳಿಯ ಅಕ್ಕ ಹೇಳಿರದಿದ್ದರೆ ನಾನು ಆ ಕಣ್ಣಿನ ಬಗ್ಗೆ ಕೇಳುತ್ತಲೇ ಇರಲಿಲ್ಲ. ಮೊದಲ ಸುತ್ತಿನ ಲೇಸರ್ ಅಲ್ಲೇ ಆಯಿತು. ಆಯುಷ್ಮಾನ್ ಕಾರ್ಡಿನ ವಿಷಯವನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಮೇಜಿನಲ್ಲಿ ವಿಚಾರಿಸಿದ್ದೇವೆ, ಕಾಗದ ಕೊಟ್ಟಿದ್ದೇವೆ.

ಗ್ಯಾಸ್ ಹಾಕಿದರೆ ಮೈದುನನ ಬಾಡಿಗೆ ಮನೆಯಲ್ಲೇ ಉಳಿಯುತ್ತೇವೆ. ಉಳಿದಿರುವುದು ಒಂದೇ ಚಿಂತೆ. ಬೋರಲಾಗಿ ಇರಬೇಕಾಗಬಹುದು ಎಂದರು. ಅತ್ತೆಗೆ ಮಂಡಿನೋವು, ಮೊಣಕಾಲೂರಿ ಕೂರಲಾರರು. ಮೇಷ್ಟ್ರೇ, ನೀವು ಹೇಗೆ ನಿಭಾಯಿಸಿದಿರಿ?

ಉತ್ತರ: ನಿವೃತ್ತ ವಿಜ್ಞಾನದ ಮೇಷ್ಟ್ರು, ಸಕಲೇಶಪುರ

ಮೊಣಕಾಲೂರಬೇಕಾಗಿಲ್ಲ ತಾಯಿ. ಮುಖ ನೆಲಕ್ಕೆ ಇರಬೇಕು, ಮೈ ಹೇಗಿದ್ದರೂ ಆಯಿತು. ಗುಳ್ಳೆ ಮೇಲಕ್ಕೆ ತೇಲುತ್ತದೆ, ಹರಿದ ಜಾಗ ಎಲ್ಲಿದೆಯೋ ಅದನ್ನು ಒತ್ತಿ ಹಿಡಿಯಬೇಕು. ಹರಿದದ್ದು ಬೇರೆ ಕಡೆ ಇದ್ದರೆ ಒಂದು ಮಗ್ಗುಲಿಗೆ ಮಲಗಲು ಹೇಳಬಹುದು. ಹಾಗಾಗಿ ಯಾವ ಭಂಗಿ, ಎಷ್ಟು ದಿನ, ಗಂಟೆಗೆ ಎಷ್ಟು ಹೊತ್ತು ಬಿಡುವು ಎಂದು ಶಸ್ತ್ರಚಿಕಿತ್ಸೆ ಆದ ಮೇಲೆ ಕೇಳಿ. ಅಂಗಾತ ಮಾತ್ರ ಮಲಗಬಾರದು. ಗುಳ್ಳೆ ಮುಂದಕ್ಕೆ ಬಂದು ಮಸೂರಕ್ಕೆ ತಗಲುತ್ತದೆ, ಒತ್ತಡವೂ ಏರಬಹುದು.

ನಮ್ಮ ಭಾವ ಹಳೆಯ ಬೆಂಚಿನ ಒಂದು ತುದಿಯಲ್ಲಿ ಹಲಗೆ ಕೊಯ್ದು ಮುಖ ಹಿಡಿಸುವಷ್ಟು ಸಂದು ಮಾಡಿದರು. ಹಣೆ ಮತ್ತು ಗಲ್ಲಕ್ಕೆ ಮೆತ್ತೆ. ಹಗಲು ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ದಿಂಬಿಟ್ಟು ಹಣೆ ಊರುತ್ತಿದ್ದೆ. ನಿಮ್ಮ ಅತ್ತೆಗೆ ಇದೇ ಸರಿ. ಕಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಊಟ ಸಲೀಸು. ಬೇಸರ ಕಳೆಯುವುದೇ ಕಷ್ಟ. ನಾನು ಮೊಬೈಲಿನಲ್ಲಿ ತಾಳಮದ್ದಳೆ ಹಾಕಿಸಿಕೊಂಡು, ನೆಲ ನೋಡುತ್ತಾ ಕೃಷ್ಣಸಂಧಾನ ಎಷ್ಟು ಸಲ ಕೇಳಿದೆನೋ. ಅರ್ಥಧಾರಿಗಳು ವಾದ ಬೆಳೆಸಿದಷ್ಟೂ ನನಗೆ ಲಾಭ.

ಗಾಯ ಮಾಯುವವರೆಗೆ ತಲೆಗೆ ನೀರು ಹಾಕಿಸಬೇಡಿ, ಹಂಡೆಯ ಒಲೆಯ ಹೊಗೆ ತಾಗಿಸಬೇಡಿ, ಕಣ್ಣಿಗೆ ಜೇನು, ಹರಳೆಣ್ಣೆ ಬಿಡಲು ಬರುವ ನೆಂಟರನ್ನು ಅಂಗಳದಲ್ಲೇ ಮಾತನಾಡಿಸಿ ಕಳುಹಿಸಿ. ಮೊದಲ ವಾರಗಳಲ್ಲಿ ಸ್ವಲ್ಪ ರಕ್ತ ಮತ್ತೆ ಸೋರಿ ಮಬ್ಬಾದರೂ ಎದೆಗುಂದಬೇಡಿ, ವೈದ್ಯರಿಗೆ ತಿಳಿಸಿ. ಲೋಳೆ ಇಲ್ಲದ ಕಣ್ಣಿನಲ್ಲಿ ಅದು ಸಾಮಾನ್ಯವಾಗಿ ಬೇಗ ತಿಳಿಯಾಗುತ್ತದೆ. ಆದರೆ ತಡೆಯಲಾರದ ನೋವು, ವಾಂತಿ, ಕಣ್ಣು ಕೆಂಪಾಗಿ ರೆಪ್ಪೆ ಊದಿ ನೋಟ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಒತ್ತಡ ಏರಿರಬಹುದು ಅಥವಾ ಸೋಂಕಾಗಿರಬಹುದು. ಬೆಳಗಾಗಲಿ ಎಂದು ಕೂರುವ ವಿಷಯವಲ್ಲ.

ಬೆಂಚು ಪುತ್ತೂರಿನಲ್ಲಿ ತಂಗಿಯ ಮನೆಯ ಅಟ್ಟದ ಮೇಲೆ ಇನ್ನೂ ಇದೆ. ಗ್ಯಾಸ್ ಎಂದಾದರೆ ಇಲ್ಲಿ ಒಂದು ಸಾಲು ಬರೆಯಿರಿ, ನಿಮ್ಮ ಮೈದುನ ಬಂದು ಒಯ್ಯಲಿ. ಮುಖ ಇಡುವ ಸಂದು ನನ್ನ ಅಳತೆಯದು, ಅತ್ತೆಯವರಿಗೆ ದೊಡ್ಡದಾದರೆ ಇನ್ನೊಂದು ಮೆತ್ತೆ ಸೇರಿಸಿ.

ಮೂಲ ಪ್ರಶ್ನೆ ಕೇಳಿದವರು: ಗಾಳಿಬೀಡಿನ ಸೊಸೆ, ಮಡಿಕೇರಿ

ದಿನಾಂಕ ಗೊತ್ತಾಗಿದೆ ಮೇಷ್ಟ್ರೇ, ಮುಂದಿನ ಗುರುವಾರ. ಚುಚ್ಚುಮದ್ದು ಸೋಮವಾರ. ತಾಳಮದ್ದಳೆ ಬೇಡವಂತೆ, ಧಾರಾವಾಹಿ ಕೇಳಿಸಿಕೊಂಡರೆ ಸಾಕು ಎನ್ನುತ್ತಿದ್ದಾರೆ. ಬೆಂಚಿನ ವಿಷಯ ಗುರುವಾರ ಸಂಜೆ ತಿಳಿಸುತ್ತೇನೆ.